ಒತ್ತಿ ನೋಡಿ, ಗೆರೆ ಎಳೆದು ನೋಡಿ: ದೊಡ್ಡವರ ವ್ಯಾಸ್ಕುಲೈಟಿಸ್‌ನ ವಿಚಿತ್ರ ಚರ್ಮದ ಗುರುತುಗಳು

ತಾಲ್ಲೂಕು ಮಟ್ಟದ ಡಾಕ್ಟ್ರುಗಳು ಮತ್ತೆ ನರ್ಸ್‌ಗಳ ಸಭೆಯಲ್ಲಿ ವ್ಯಾಸ್ಕುಲೈಟಿಸ್ (ರಕ್ತನಾಳದ ಗೋಡೆಯ ಉರಿಯೂತ) ಬಗ್ಗೆ ಒಬ್ಬ ಡಾಕ್ಟ್ರು ಆಡಿದ ಮಾತು, ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದ್ದು.

ನನ್ನದೇ ಒಂದು ತಪ್ಪಿಂದ ಶುರು ಮಾಡ್ತೀನಿ. ಸುಮಾರು ನಲವತ್ತೈದು ವಯಸ್ಸಿನ ಹೆಣ್ಮಗಳು, ರೇಷ್ಮೆ ಸಾಕೋ ಮನೆಯವರು, "ಪಿತ್ತದ ಗಂಧೆ ಏಳ್ತಾ ಇದೆ ಡಾಕ್ಟ್ರೇ" ಅಂತ ಬಂದ್ರು. ತೋಳು, ತೊಡೆ, ಹೊಟ್ಟೆ ಮೇಲೆ ಉಬ್ಬುಬ್ಬಾಗಿ ಎದ್ದಿತ್ತು, ಬಾಗಿಲಲ್ಲೇ ನಿಂತು ನೋಡಿದ್ರೂ ಗಂಧೆ ಅಂತ್ಲೇ ಹೇಳ್ಬೇಕು, ನಾನೂ ಹಂಗೇ ಅಂದ್ಕೊಂಡು ಅಲರ್ಜಿ ಮಾತ್ರೆ ಲಿವೋಸೆಟ್ರಿಜಿನ್ ಬರೆದೆ. ಹದಿನೈದು ದಿನಕ್ಕೆ ವಾಪಸ್ ಬಂದ್ರು, ಡೋಸ್ ಜಾಸ್ತಿ ಮಾಡ್ದೆ. ಮೂರನೇ ಸಲ ಬಂದಾಗ ಹೊರಗಡೆ ಬೆಂಚು ತುಂಬಾ ಜನ, ಇನ್ನೊಂದು ಮಾತ್ರೆ ಬದಲಾಯಿಸಿ ಕಳಿಸೋದ್ರಲ್ಲಿದ್ದೆ, ಅಷ್ಟ್ರಲ್ಲಿ ಅವರೇ ಅಂದ್ರು, "ಕಡಿತ ಏನಿಲ್ಲ ಡಾಕ್ಟ್ರೇ, ಉರಿ. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಉರಿಯುತ್ತಲ್ಲ, ಹಂಗೆ." ಮೂರು ಸಲ ನೋಡಿದೀನಿ, ಒಂದು ಸಲನೂ ನಾನು "ಕಡಿಯುತ್ತಾ, ಉರಿಯುತ್ತಾ" ಅಂತ ಕೇಳಿರ್ಲಿಲ್ಲ! ಆಮೇಲೆ ಸರಿಯಾಗಿ ನೋಡಿದ್ರೆ ಹಳೇದು ಇಳಿದ ಜಾಗದಲ್ಲೆಲ್ಲ ಪೆಟ್ಟು ಬಿದ್ದು ಕಂದಿದ ಥರ ಕಲೆ ಉಳಿದಿದೆ. ಮಾಮೂಲಿ ಗಂಧೆ ಕಲೆ ಬಿಟ್ಟು ಹೋಗಲ್ಲ.

ಜೇಬಲ್ಲಿದ್ದ ಬಾಲ್‌ಪೆನ್ ತೆಗೆದು ಒಂದು ಹೊಸ ಉಬ್ಬಿನ ಸುತ್ತ ಗೆರೆ ಎಳೆದೆ, ಪಕ್ಕದಲ್ಲೇ ಟೈಮ್ ಬರೆದೆ, ನಾಳೆ ಇದೇ ಹೊತ್ತಿಗೆ ಬನ್ನಿ ಅಂದೆ. ಮಾಮೂಲಿ ಗಂಧೆ ಆದ್ರೆ ಒಂದೊಂದು ಉಬ್ಬು ಕೆಲವು ಗಂಟೆಯಲ್ಲಿ ಇಳಿಯುತ್ತೆ, ಇನ್ನೊಂದು ಕಡೆ ಏಳುತ್ತೆ, ಹೆಚ್ಚು ಅಂದ್ರೆ 24 ಗಂಟೆ. ಇಲ್ಲಿ ಮಾರನೇ ದಿನ ಉಬ್ಬು ಆ ಗೆರೆ ಒಳಗೇ ಇತ್ತು. ಬಯಾಪ್ಸಿಯಲ್ಲಿ, ಅಂದ್ರೆ ಚರ್ಮದ ಚೂರು ತೆಗೆದು ನೋಡಿದಾಗ, ಅರ್ಟಿಕೇರಿಯಲ್ ವ್ಯಾಸ್ಕುಲೈಟಿಸ್ (ಗಂಧೆ ಥರ ಕಾಣೋ ವ್ಯಾಸ್ಕುಲೈಟಿಸ್) ಅಂತ ಬಂತು, ರಕ್ತದಲ್ಲಿ ಸಿ3, ಸಿ4 ಅನ್ನೋ ರೋಗನಿರೋಧಕ ಪ್ರೋಟೀನ್ ಎರಡೂ ಕಮ್ಮಿ, ಮುಂದೆ ಹುಡುಕ್ತಾ ಹೋದ್ರೆ ಲೂಪಸ್, ರೋಗನಿರೋಧಕ ಶಕ್ತಿ ನಮ್ಮ ಮೈ ಮೇಲೇ ತಿರುಗಿಬೀಳೋ ಕಾಯಿಲೆ. ಗಂಧೆಗೆ ಅಂತ ಬಂದವರು ಕೊನೆಗೆ ಕಿಡ್ನಿ ಡಾಕ್ಟ್ರ ಹತ್ರ ಹೋದ್ರು. ಕೆಲವರಿಗೆ ಈ ಕಾಯಿಲೆಯಲ್ಲೂ ಕಡಿತ ಇರುತ್ತೆ, ಹಂಗಾಗಿ ಉರಿ ಇಲ್ಲ ಅಂದ ಮಾತ್ರಕ್ಕೆ ಬಿಡಂಗಿಲ್ಲ. ಪೆನ್ನಿನ ಗೆರೆ ಮೇಲೆ ನನಗೆ ನಂಬಿಕೆ ಜಾಸ್ತಿ.

ವ್ಯಾಸ್ಕುಲೈಟಿಸ್ ಅಂದ್ರೇನು ಅಂತ ನಿಮಗೆ ಉದ್ದ ಹೇಳೋದು ಬೇಡ. ರಕ್ತನಾಳದ ಗೋಡೆಗೇ ಉರಿಯೂತ. ತೋಟದ ಡ್ರಿಪ್ ಪೈಪು ಯೋಚ್ನೆ ಮಾಡಿ, ಪೈಪು ಹಾಳಾದ್ರೆ ಎರಡೇ ಆಗೋದು, ಒಂದೋ ಸೋರುತ್ತೆ, ಇಲ್ಲಾ ಕಟ್ಕೊಳ್ಳುತ್ತೆ. ಸೋರಿದ್ರೆ ಚರ್ಮದಲ್ಲಿ ರಕ್ತದ ಚುಕ್ಕೆ, ಕಟ್ಕೊಂಡ್ರೆ ಮುಂದಿನ ಜಾಗ ಒಣಗಿ ಕಪ್ಪಾಗೋದು, ಹುಣ್ಣಾಗೋದು. ಸಣ್ಣ ನಾಳಗಳು ಚರ್ಮದ ಮೇಲ್ಭಾಗದಲ್ಲಿರೋದ್ರಿಂದ ಅಲ್ಲಿ ಕಾಯಿಲೆ ಬಂದ್ರೆ ಚುಕ್ಕೆ, ಗಂಧೆ ಥರದ್ದು ಕಾಣುತ್ತೆ. ಅದಕ್ಕಿಂತ ದೊಡ್ಡವು ಕೆಳಗೆ ಕೊಬ್ಬಿನ ಹತ್ರ ಇರೋದ್ರಿಂದ ಅಲ್ಲಿ ಬಂದ್ರೆ ಗಂಟು, ಬಲೆ ಥರ ಗೆರೆ, ಆಳದ ಹುಣ್ಣು. ನಾಳದ ಸೈಜ್ ನೋಡಿ ವಿಂಗಡಿಸೋದು 1994ರ ಚಾಪೆಲ್ ಹಿಲ್ ಅನ್ನೋ ತಜ್ಞರ ಸಭೆಯಿಂದ ಬಂದಿದ್ದು, 2012ರಲ್ಲಿ ತಿದ್ದಿದ್ರು, ಚರ್ಮದ ವಿಚಾರಕ್ಕೇ ಅಂತ 2018ರಲ್ಲಿ ಒಂದು ಅನುಬಂಧನೂ ಸೇರಿಸಿದ್ರು. ಆ ಪಟ್ಟಿ ಬಾಯಿಪಾಠ ಮಾಡ್ಬೇಡಿ. ಚುಕ್ಕೆನೋ ಗಂಟೋ ಅಂತ ಕೈಯಾಡಿಸಿ ನೋಡಿದ್ರೆ ಯಾವ ಆಳದ ನಾಳ ಅಂತ ಅರ್ಧ ಗೊತ್ತಾಗುತ್ತೆ.

ಎಲ್ಲರೂ ಓದಿರೋ ಗುರುತು ಒಂದಿದೆ, ಮೊಣಕಾಲ ಕೆಳಗೆ ಕೈಗೆ ಸಿಗೋ ಹಂಗೆ ಉಬ್ಬಿದ ಕೆಂಪು ಚುಕ್ಕೆ, ಗಾಜಿಟ್ಟು ಒತ್ತಿದ್ರೂ ಬಣ್ಣ ಹೋಗಲ್ಲ. ಸರಿ. ಆದ್ರೆ ಪುಸ್ತಕದಲ್ಲಿರೋ ಫೋಟೋ ಬಹಳಷ್ಟು ಬಿಳೀ ಚರ್ಮದವರದ್ದು. ನಮ್ಮ ಜನಕ್ಕೆ ಕೆಂಪು ಎಲ್ಲಿಂದ ಬರ್ಬೇಕು? ನಮ್ಮಲ್ಲಿ ಅದು ಕಾಫಿ ಡಿಕಾಕ್ಷನ್ ಬಣ್ಣ, ಇಲ್ಲಾ ನೇರಳೆಹಣ್ಣು ತಿಂದ ನಾಲಿಗೆ ಬಣ್ಣ, ಟ್ಯೂಬ್‌ಲೈಟ್ ಕೆಳಗೆ ನೋಡಿದ್ರಂತೂ ಸೊಳ್ಳೆ ಕಚ್ಚಿದ ಹಳೇ ಕಲೆ ಅಂದ್ಕೊಂಡು ಸುಮ್ನಾಗ್ತೀವಿ. ಇನ್ನೊಂದು ಮೋಸ ಏನಂದ್ರೆ ಹಳೇ ಕಲೆನೂ ಒತ್ತಿದ್ರೆ ಹೋಗಲ್ಲ! ಅದಕ್ಕೇ ಬರೀ ಒತ್ತಿದ್ರೆ ಸಾಲ್ದು, ಕಣ್ಣು ಮುಚ್ಚಿ ಬೆರಳಾಡಿಸಿ, ಅಕ್ಕಿಯಲ್ಲಿ ಕಲ್ಲು ಹುಡುಕೋ ಹಂಗೆ. ಹೊಸದು ಬೆರಳಿಗೆ ಸಿಗುತ್ತೆ, ಕಲೆ ಸಿಗಲ್ಲ. ಆಮೇಲೆ ಅಂಗಾಲು, ಅಂಗೈ, ಬಾಯಿ ಒಳಗೆ ಅಂಗಳ ನೋಡಿ, ಅಲ್ಲಿ ಎಲ್ಲರ ಬಣ್ಣನೂ ತಿಳಿ. ಮಲಗಿದ ಕಡೆಯೇ ಇರೋ ರೋಗಿ ಆದ್ರೆ ಕಾಲು ನೋಡಿ ಏನಿಲ್ಲ ಅನ್ಬೇಡಿ, ಮಗ್ಗುಲಿಗೆ ತಿರುಗಿಸಿ ಬೆನ್ನು, ಕುಂಡೆ ನೋಡಿ. ರಕ್ತ ತಗ್ಗಿಗೆ ಇಳಿಯುತ್ತೆ, ಚುಕ್ಕೆನೂ ತಗ್ಗಲ್ಲೇ ಏಳುತ್ತೆ. ನಿಂತು ಕೆಲಸ ಮಾಡೋರಿಗೆ ಕಾಲು ತಗ್ಗು, ಮಲಗಿದವರಿಗೆ ಬೆನ್ನು ತಗ್ಗು. ಡೆಂಗ್ಯೂನಲ್ಲಿ ಪ್ಲೇಟ್ಲೆಟ್ ಇಳಿದು ಬರೋ ಚುಕ್ಕೆ ಚಪ್ಪಟೆ, ಸಾಮಾನ್ಯವಾಗಿ ಬೆರಳಿಗೆ ಸಿಗಲ್ಲ, ಆದ್ರೂ ಜ್ವರದ ಜೊತೆ ಚುಕ್ಕೆ ಅಂದ್ರೆ ಪ್ಲೇಟ್ಲೆಟ್ ಕೌಂಟ್ ಮೊದ್ಲು ಮಾಡ್ಸಿ, ಅದರಲ್ಲಿ ಚರ್ಚೆ ಬೇಡ.

ಚುಕ್ಕೆ ಎಲ್ಲಿ ಸಾಲುಗಟ್ಟಿದೆ ಅನ್ನೋದೂ ಮಾತಾಡುತ್ತೆ. ಒಬ್ರು ಅಜ್ಜಿಗೆ ಸೊಂಟದ ಸುತ್ತ ಉಡಿದಾರ ಕಟ್ಟಿದ ಹಂಗೆ ಕರೀ ಚುಕ್ಕೆಗಳ ಸಾಲು. ಮನೆಯವರು ಸರ್ಪಸುತ್ತು ಅಂತ ಕೆಮ್ಮಣ್ಣು ಬಳಿಸಿಕೊಂಡು ಬಂದಿದ್ರು, ಸರ್ಪ ಪೂರ್ತಿ ಸುತ್ತು ಬಂದ್ಬಿಡ್ತು ಅಂತ ಭಯ ಬೇರೆ. ಸರ್ಪಸುತ್ತು ಸಾಮಾನ್ಯವಾಗಿ ನಡುಮಧ್ಯಕ್ಕೆ ನಿಲ್ಲುತ್ತೆ, ಒಂದೇ ಪಕ್ಕ, ಇದು ಎರಡೂ ಪಕ್ಕ ಇದೆ. ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿ ನೋಡಿದ್ರೆ ಸರಿಯಾಗಿ ಲಂಗದ ಲಾಡಿ ಬಿಗಿದ ಜಾಗ. ಬಿಗಿಯಾದ ಕಡೆ, ಉಜ್ಜಿದ ಕಡೆ ಈ ಚುಕ್ಕೆ ಏಳುತ್ತೆ, ಸಾಕ್ಸ್ ಎಲಾಸ್ಟಿಕ್, ವಾಚಿನ ಪಟ್ಟಿ, ಬಿಪಿ ನೋಡೋಕೆ ಪಟ್ಟಿ ಕಟ್ಟಿದ ತೋಳು ಕೂಡ. ಅಜ್ಜಿಗೆ ಆಗಿದ್ದು ಐಜಿಎ ವ್ಯಾಸ್ಕುಲೈಟಿಸ್, ಅಂದ್ರೆ ಐಜಿಎ ಅನ್ನೋ ಪ್ರತಿಕಾಯ ಸಣ್ಣ ನಾಳದಲ್ಲಿ ಕೂತು ಬರೋದು, ಹೊಟ್ಟೆನೋವೂ ಇತ್ತು, ಅದನ್ನ ಗ್ಯಾಸ್ಟ್ರಿಕ್ ಲೆಕ್ಕಕ್ಕೆ ಸೇರಿಸಿದ್ರು. ಇದು ಮಕ್ಕಳ ಕಾಯಿಲೆ ಅಂತ ನಾವು ಓದಿರ್ತೀವಿ, ದೊಡ್ಡವರಿಗೂ ಬರುತ್ತೆ, ಬಂದ್ರೆ ಕಿಡ್ನಿಗೆ ಮಕ್ಕಳಿಗಿಂತ ಜಾಸ್ತಿ ತೊಂದ್ರೆ ಕೊಡುತ್ತೆ. ಮಣ್ಣಿನ ಬಗ್ಗೆ ನನಗೆ ಜಗಳ ಇಲ್ಲ. ಆದ್ರೆ ಒರೆಸದೆ ನೋಡ್ಬೇಡಿ ಅಷ್ಟೆ.

ಈಗ ಶಿವರಾತ್ರಿ ಹತ್ರ ಬಂತು, ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗೋರು ಚಾರ್ಮಾಡಿ ಇಳಿದು ಹೋಗ್ತಾರಲ್ಲ, ಅವರಲ್ಲಿ ಯಾರಾದ್ರೂ ಕಾಲು ತೋರಿಸಿದ್ರೆ ನೆನಪಿಟ್ಕೊಳ್ಳಿ. ಬಿಸಿಲಲ್ಲಿ ಗಂಟೆಗಟ್ಟಲೆ ನಡೆದು ಮೀನಖಂಡದ ಸುತ್ತ ಉರಿಯೋ ಕೆಂಪು ದದ್ದು, ಚುಕ್ಕೆ, ಆದ್ರೆ ಸಾಕ್ಸ್ ಒಳಗಿದ್ದ ಜಾಗ ಮಾತ್ರ ನೀಟಾಗಿ ಬಿಟ್ಟಿರುತ್ತೆ, ಸ್ಕೇಲ್ ಇಟ್ಟು ಗೆರೆ ಎಳೆದಂಗೆ. ಬೇರೆ ದೇಶದಲ್ಲಿ ಗಾಲ್ಫ್ ಆಡೋರಿಗೆ ಬರುತ್ತೆ ಅಂತ ಗಾಲ್ಫರ್ಸ್ ವ್ಯಾಸ್ಕುಲೈಟಿಸ್ ಅಂತಾನೂ ಕರೀತಾರೆ, ನಮ್ಮ ಕಡೆ ಹೆಸರಿಡೋರು ಇದ್ದಿದ್ರೆ ಪಾದಯಾತ್ರೆ ವ್ಯಾಸ್ಕುಲೈಟಿಸ್ ಅಂತಿದ್ರು. ವಯಸ್ಸು ಐವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು. ಜ್ವರ ಇಲ್ಲ, ಮೂತ್ರ ಸರಿ ಇದೆ ಅಂದ್ರೆ ಕಾಲು ಎತ್ತಿಟ್ಟು ರೆಸ್ಟ್ ಮಾಡ್ಲಿ, ಹತ್ತು ದಿನದಲ್ಲಿ ತಾನಾಗೇ ಹೋಗುತ್ತೆ. ಇದಕ್ಕೂ ಸೆಲ್ಯುಲೈಟಿಸ್ (ಚರ್ಮದ ಕೆಳಗಿನ ಸೋಂಕು) ಅಂತ ಆಂಟಿಬಯಾಟಿಕ್ ಡ್ರಿಪ್ ಹಾಕಿರೋದು ನೋಡಿದೀನಿ. ಎರಡೂ ಕಾಲಿಗೆ ಒಂದೇ ಅಳತೆಗೆ ಸೆಲ್ಯುಲೈಟಿಸ್ ಬರೋದು ತೀರಾ ಅಪರೂಪ.

ಇನ್ನು ಬಲೆ. ಚರ್ಮದ ಮೇಲೆ ಮೀನಿನ ಬಲೆ ಹಾಸಿದ ಥರ ನೀಲಿಗಪ್ಪು ಗೆರೆ, ಲಿವಿಡೋ ಅಂತೀವಿ. ಮೊದ್ಲು ಕೇಳ್ಬೇಕಾದ ಪ್ರಶ್ನೆ, ಶಾಖ ತಗೊಂಡಿದೀರಾ? ಬಾಣಂತಿ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡ್ತಾರೆ, ಬೆನ್ನುನೋವಿಗೆ ದಿನಾ ಬಿಸಿನೀರ್ ಬ್ಯಾಗು, ಐಟಿ ಹುಡುಗ್ರು ತೊಡೆ ಮೇಲೆ ಲ್ಯಾಪ್‌ಟಾಪು. ಇವೆಲ್ಲ ಬಲೆ ಥರದ ಕಂದು ಕಲೆ ಮಾಡ್ತಾವೆ, ಅದು ಬರೀ ಶಾಖದ ಕಲೆ, ನಾಳದ ಕಾಯಿಲೆ ಅಲ್ಲ. ಚಳಿಗೆ ಬಂದು ಕಂಬಳಿ ಹೊದ್ರೆ ಹೋಗೋ ಬಲೆಗೂ ಸಾಮಾನ್ಯವಾಗಿ ಹೆದರ್ಬೇಕಾಗಿಲ್ಲ. ಹೆದರ್ಬೇಕಾದ್ದು ಹರಿದ ಬಲೆಗೆ. ಕಣ್ಣಿಗಳು ಪೂರ್ತಿ ಸೇರಲ್ಲ, ಅಲ್ಲಲ್ಲಿ ತುಂಡು ತುಂಡಾಗಿರುತ್ತೆ, ಮಿಂಚು ಹೊಡೆದ ಗೆರೆ ಹಂಗೆ, ಬಿಸಿ ಮಾಡಿದ್ರೂ ಹೋಗಲ್ಲ. ಅದರ ನಡುವೆ ಬಟಾಣಿ ಗಾತ್ರದ ನೋವಿನ ಗಂಟು ಸಿಕ್ಕಿದ್ರೆ ಪಾಲಿಆರ್ಟರೈಟಿಸ್ ನೋಡೋಸಾ, ಅಂದ್ರೆ ಮಧ್ಯಮ ಗಾತ್ರದ ನಾಳದ ವ್ಯಾಸ್ಕುಲೈಟಿಸ್, ನೆನಪಾಗ್ಬೇಕು. ಗಂಟಿಲ್ಲದೆ ಬರೀ ಹರಿದ ಬಲೆ ಇದ್ದು, ಚಿಕ್ಕ ವಯಸ್ಸಿಗೆ ಸ್ಟ್ರೋಕ್ ಆಗಿದೆ, ಮೇಲಿಂದ ಮೇಲೆ ಗರ್ಭ ಇಳಿದಿದೆ ಅಂದ್ರೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಕಡೆ ಹೋಗಿ, ಅದು ಉರಿಯೂತ ಅಲ್ಲ, ರಕ್ತ ಹೆಪ್ಪುಗಟ್ಟೋ ಕಾಯಿಲೆ, ಔಷಧಿನೇ ಬೇರೆ.

ಗಂಟಿನ ವಿಚಾರಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ, ಯಾಕಂದ್ರೆ ನಮ್ಮ ಕಡೆ ತಪ್ಪೋದು ಇಲ್ಲೇ. ಒಬ್ಬ ಗೂಡ್ಸ್ ಆಟೋ ಡ್ರೈವರ್, ಮೂವತ್ತೆಂಟೋ ನಲವತ್ತೋ ವಯಸ್ಸು. ಮೀನಖಂಡದಲ್ಲಿ ನೋಯೋ ಗಂಟುಗಳು, ಪಾದದ ಮೇಲೆ ಜೋಮು, ತೂಕ ಇಳಿದಿತ್ತು. ಜೋಮು ಅಂದ ತಕ್ಷಣ ಎಲ್ಲೋ ಒಂದು ಕಡೆ ಕುಷ್ಠ ಅಂದ್ಬಿಟ್ಟಿದಾರೆ. ತಪ್ಪು ಅನ್ನಲ್ಲ ನಾನು, ನಮ್ಮ ದೇಶದಲ್ಲಿ ಚರ್ಮ ಮತ್ತೆ ನರ ಎರಡೂ ಸೇರಿ ಕೆಟ್ರೆ ಮೊದ್ಲು ಅದನ್ನೇ ಯೋಚಿಸ್ಬೇಕು, ಕುಷ್ಠದ ರಿಯಾಕ್ಷನ್‌ನಲ್ಲೂ ಜ್ವರ, ನೋವಿನ ಗಂಟು ಎಲ್ಲಾ ಬರುತ್ತೆ. ಆದ್ರೆ ಕುಷ್ಠ ಅನ್ನೋಕೆ ಸ್ಪರ್ಶ ಇಲ್ಲದ ಮಚ್ಚೆ ಎಲ್ಲಿದೆ? ಮೊಣಕೈ ಹಿಂದೆ, ಮೊಣಕಾಲ ಪಕ್ಕ ನರ ದಪ್ಪ ಆಗಿದೆಯಾ? ಏನೂ ಇರ್ಲಿಲ್ಲ. ಅವನೇ ಹೇಳಿದ ಮಾತು, "ಭಾನುವಾರ ರಾತ್ರಿ ಮಲಗಿದ್ದೆ ಸಾರ್, ಬೆಳಗ್ಗೆ ಎದ್ರೆ ಎಡಗಾಲಲ್ಲಿ ಚಪ್ಪಲಿ ನಿಲ್ತಾ ಇಲ್ಲ." ಒಂದೇ ರಾತ್ರಿಗೆ ಪಾದ ಜೋಲು ಬಿದ್ದಿದೆ. ಎರಡು ವಾರಕ್ಕೆ ಬಲಗೈ ಮಣಿಕಟ್ಟು. ಒಂದು ಕಡೆ ಕಾಲು, ಇನ್ನೊಂದು ಕಡೆ ಕೈ, ಬಿಡಿ ಬಿಡಿಯಾಗಿ, ಇದ್ದಕ್ಕಿದ್ದಂಗೆ. ನರಕ್ಕೆ ಹೋಗೋ ಸಣ್ಣ ರಕ್ತನಾಳ ಕಟ್ಕೊಂಡಾಗ ಹಿಂಗಾಗುತ್ತೆ. ಬಿಪಿ ನೋಡಿದ್ರೆ ಮೇಲಿನದು 180. ಆ ವಯಸ್ಸಿಗೆ! ಮೂತ್ರಪಿಂಡದ ರಕ್ತನಾಳಕ್ಕೂ ಕಾಯಿಲೆ ಹೋಗಿತ್ತು. ಇದೇ ಪಾಲಿಆರ್ಟರೈಟಿಸ್ ನೋಡೋಸಾ. ಹೆಪಟೈಟಿಸ್ ಬಿ ಪಾಸಿಟಿವ್, ಈ ಕಾಯಿಲೆಗೂ ಅದಕ್ಕೂ ಹಳೇ ನಂಟು.

ಅವನ ಗಂಟಿಗೆ ಮೊದಲ ಬಯಾಪ್ಸಿ ನಾರ್ಮಲ್ ಅಂತ ಬಂದಿತ್ತು, ಅದನ್ನ ಫೈಲಲ್ಲಿ ಭದ್ರವಾಗಿ ಇಟ್ಕೊಂಡು ಓಡಾಡ್ತಿದ್ದ. ಯಾಕೆ ನಾರ್ಮಲ್ ಬಂತು ಅಂದ್ರೆ ಸಣ್ಣ ಪಂಚ್‌ನಲ್ಲಿ (ಚರ್ಮ ದುಂಡಗೆ ಕೊರೆಯೋ ಉಪಕರಣ) ಮೇಲ್ಮೇಲೆ ತೆಗೆದಿದ್ರು, ಕಾಯಿಲೆ ಇದ್ದಿದ್ದು ಕೆಳಗೆ ಕೊಬ್ಬಲ್ಲಿ. ಗಂಟಿಗೆ ಬ್ಲೇಡಲ್ಲಿ ಕೊಬ್ಬು ಸಮೇತ ತೆಗೀಬೇಕು. ಬಲೆ ಇದ್ರೆ ಗೆರೆ ಮೇಲಲ್ಲ, ಕಣ್ಣಿಯ ನಡುವಿನ ಬಿಳೀ ಜಾಗದಲ್ಲಿ ಆಳಕ್ಕೆ ತೆಗೆದ್ರೆ ನಾಳ ಸಿಗೋ ಚಾನ್ಸ್ ಜಾಸ್ತಿ. ಚುಕ್ಕೆಗೆ ಪಂಚ್ ಸಾಕು, ಆದ್ರೆ ಒಂದೆರಡು ದಿನದ ಹೊಸ ಚುಕ್ಕೆ ಆಗ್ಬೇಕು. ಇಮ್ಯುನೋಫ್ಲೋರೆಸೆನ್ಸ್‌ಗೆ, ಅಂದ್ರೆ ನಾಳದಲ್ಲಿ ಪ್ರತಿಕಾಯ ಕೂತಿದೆಯಾ ಅಂತ ಹೊಳೆಯೋ ಬಣ್ಣ ಹಾಕಿ ನೋಡೋ ಪರೀಕ್ಷೆಗೆ, ಇನ್ನೂ ಹೊಸದು ಬೇಕು, ಆ ಚೂರನ್ನ ದಯವಿಟ್ಟು ಫಾರ್ಮಲಿನ್‌ಗೆ ಹಾಕ್ಬೇಡಿ, ಹಾಕಿದ್ರೆ ಮುಗೀತು. ಈ ಪರೀಕ್ಷೆಗೆ ಅಂತ ಇರೋ ಮೈಕೆಲ್ಸ್ ಮೀಡಿಯಂ ದ್ರವ ಇಲ್ದಿದ್ರೆ ನಾರ್ಮಲ್ ಸಲೈನಲ್ಲಿ ಅವತ್ತೇ ಲ್ಯಾಬಿಗೆ ತಲುಪಿಸಿ. ಬಸ್ ಕಂಡಕ್ಟರ್ ಕೈಲಿ ಕಳಿಸಿದ ಸ್ಯಾಂಪಲ್ ಕೂಡ ನಮಗೆ ಉಪಯೋಗಕ್ಕೆ ಬಂದಿದೆ.

ಕಾಲು ಬಿಟ್ಟು ಮೇಲೆ ಬನ್ನಿ. ಮೂಗು ಕಟ್ಟಿರುತ್ತೆ, ಹೊಪ್ಪಳೆ, ರಕ್ತ, ಸೈನಸ್ ಅಂತ ವರ್ಷಗಟ್ಟಲೆ ಓಡಾಡಿರ್ತಾರೆ, ಬಾಯಿ ತೆರೆಸಿ ನೋಡಿದ್ರೆ ಹಲ್ಲುಗಳ ನಡುವಿನ ವಸಡು ಊದಿ ಸಣ್ಣ ಸಣ್ಣ ಕಾಳು ಕಾಳಾಗಿ ಕೆಂಪಗಿರುತ್ತೆ, ಮಾಗಿದ ಸ್ಟ್ರಾಬೆರಿ ಥರ ಅಂತ ಪುಸ್ತಕ ಹೇಳುತ್ತೆ, ನನ್ನ ಕಣ್ಣಿಗೆ ಬಿರಿದ ಹಿಪ್ಪುನೇರಳೆ ಹಣ್ಣಿನ ಥರ ಕಂಡಿತ್ತು. ಮೂಗು, ಶ್ವಾಸಕೋಶ, ಕಿಡ್ನಿಗೆ ಹೋಗೋ ಜಿಪಿಎ ಅನ್ನೋ ವ್ಯಾಸ್ಕುಲೈಟಿಸ್‌ನಲ್ಲಿ ಅಪರೂಪಕ್ಕೆ ಬರೋ ಗುರುತು ಇದು, ಆದ್ರೆ ಕಂಡ್ರೆ ಬಿಡಬಾರದು. ಇದೇ ಕಾಯಿಲೆಯಲ್ಲಿ ಅಂಚು ನೇರಳೆ ಬಣ್ಣಕ್ಕಿರೋ, ಸಿಕ್ಕಾಪಟ್ಟೆ ನೋಯೋ ಹುಣ್ಣು ಬರುತ್ತೆ, ಅದನ್ನ ಸತ್ತ ಮಾಂಸ ಅಂತ ಕೆರೆದು ಕ್ಲೀನ್ ಮಾಡಿದ್ರೆ ಕೆಲವು ಸಲ ಇನ್ನೂ ದೊಡ್ಡದಾಗುತ್ತೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದಲ್ಲಿ ತೂತು ಕಂಡು ಟಿಬಿ ಮಾತ್ರೆ ಶುರುವಾಗಿರೋದೂ ಉಂಟು, ಕಫದಲ್ಲಿ ಟಿಬಿ ಸಿಕ್ಕಿದೆಯಾ ಅಂತ ಕೇಳಿ, ಸಿಕ್ಕಿಲ್ಲ ಅಂದ್ರೆ ಮೂತ್ರದಲ್ಲಿ ರಕ್ತ ಇದೆಯಾ ನೋಡಿ, ಆಂಕಾ ಟೆಸ್ಟ್ (ಇಂಥ ವ್ಯಾಸ್ಕುಲೈಟಿಸ್‌ನ ಪ್ರತಿಕಾಯ ಹುಡುಕೋ ರಕ್ತಪರೀಕ್ಷೆ) ಕಳಿಸಿ.

ಈಸ್ನೋಫಿಲಿಯಾ ಅನ್ನೋ ಮಾತು ನಮ್ಮ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇದೆ, ಕೆಮ್ಮು ಬಂದ್ರೆ ಈಸ್ನೋಫಿಲಿಯಾ, ಸೀನು ಬಂದ್ರೆ ಈಸ್ನೋಫಿಲಿಯಾ. ನಿಜವಾಗ್ಲೂ ರಕ್ತದಲ್ಲಿ ಈಸ್ನೋಫಿಲ್ ಅನ್ನೋ ಬಿಳಿರಕ್ತಕಣದ ಕೌಂಟ್ ಜಾಸ್ತಿ ಇರೋರಿಗೆ ಹುಳ, ಫೈಲೇರಿಯಾ ಅಂತ ಮಾತ್ರೆ ಕೊಡ್ತೀವಿ, ಸರಿನೇ. ಆದ್ರೆ ದೊಡ್ಡವರಾದ್ಮೇಲೆ ಶುರುವಾದ ಆಸ್ತಮಾ, ಈಸ್ನೋಫಿಲ್ ಏರಿದೆ, ಜೊತೆಗೆ ಮೊಣಕೈ ಮೇಲೋ ತಲೆಬುರುಡೆ ಮೇಲೋ ಗಂಟು, ಕಾಲಲ್ಲಿ ಚುಕ್ಕೆ, ಒಂದು ಪಾದ ಜೋಮು ಅಂದ್ರೆ ಅದು ಇಜಿಪಿಎ, ಈಸ್ನೋಫಿಲ್ ಏರಿ ಬರೋ ವ್ಯಾಸ್ಕುಲೈಟಿಸ್, ಇರಬಹುದು. ಹೃದಯಕ್ಕೂ ಹೋಗುತ್ತೆ, ಒಂದು ಇಸಿಜಿ, ಎಕೋ ಮಾಡ್ಸಿ.

ಬೆರಳ ಗೆಣ್ಣು, ಮೊಣಕೈ, ಮೊಣಕಾಲ ಮೇಲೆ ಎರಡೂ ಕಡೆ ಸಮನಾಗಿ ಗಟ್ಟಿ ಕಂದು ಗಂಟು ವರ್ಷಗಟ್ಟಲೆ ಇದ್ರೆ ಎರಿಥೀಮಾ ಎಲಿವೇಟಮ್ ಡೈಯುಟಿನಮ್ ಅನ್ನೋ ಉದ್ದ ಹೆಸರಿನ ಕಾಯಿಲೆ, ಡ್ಯಾಪ್ಸೋನ್ ಮಾತ್ರೆಗೆ ಚೆನ್ನಾಗಿ ಕೇಳುತ್ತೆ, ಜಿ6ಪಿಡಿ ಅನ್ನೋ ಕಿಣ್ವದ ಟೆಸ್ಟ್ ನೋಡ್ಕೊಂಡು ಕೊಡಿ, ಎಚ್‌ಐವಿ ಟೆಸ್ಟೂ ಮಾಡ್ಸಿ. ಐವತ್ತು ದಾಟಿದವರು ತಲೆ ಬಾಚೋಕಾಗ್ತಿಲ್ಲ, ಬಾಚಣಿಗೆ ತಾಕಿದ್ರೆ ನೋವು, ರೊಟ್ಟಿ ಅಗಿದ್ರೆ ದವಡೆ ಸೋಲುತ್ತೆ ಅಂದ್ರೆ ಜಯಂಟ್ ಸೆಲ್ ಆರ್ಟರೈಟಿಸ್, ತಲೆ ಕಡೆ ಹೋಗೋ ದೊಡ್ಡ ನಾಳಗಳ ಉರಿಯೂತ, ಇರಬಹುದು. ನಮ್ಮಲ್ಲಿ ಕಮ್ಮಿ, ಆದ್ರೆ ತಲೆ ಚರ್ಮ, ನಾಲಿಗೆ ತುದಿ ಕಪ್ಪಾಗೋವರೆಗೂ ಕಾದ್ರೆ ಅಷ್ಟೊತ್ತಿಗೆ ಕಣ್ಣು ಹೋಗಿರ್ಬಹುದು. ಇಲ್ಲಿ ಮಾತ್ರ ಬಯಾಪ್ಸಿಗೆ ಕಾಯದೆ ಸ್ಟೀರಾಯ್ಡ್ ಶುರು.

ಉಳಿದ ಕಡೆ ಸ್ಟೀರಾಯ್ಡ್‌ಗೆ ಅಷ್ಟು ಅರ್ಜೆಂಟ್ ಬೇಡ, ಮೊದ್ಲು ಇನ್ಫೆಕ್ಷನ್ ಹುಡುಕಿ. ಜ್ವರ ಬಂದು ನಾಲ್ಕೈದು ದಿನಕ್ಕೆ ಚುಕ್ಕೆ, ಅಂಗೈ ಅಂಗಾಲಲ್ಲೂ ಇದೆ, ದನ, ನಾಯಿ, ಹೊಲ ಅಂತ ಓಡಾಡೋರು ಅಂದ್ರೆ ರಿಕೆಟ್ಸಿಯಾ (ಉಣ್ಣೆಯಂಥ ಹುಳ ಕಚ್ಚಿ ಬರೋ ಬ್ಯಾಕ್ಟೀರಿಯಾ) ಇರಬಹುದು, ಅದೂ ರಕ್ತನಾಳಕ್ಕೇ ಹತ್ತೋ ಸೋಂಕು, ಕಿವಿ ತುದಿ, ಬೆರಳು ಕಪ್ಪಾಗುತ್ತೆ. ಡಾಕ್ಸಿಸೈಕ್ಲಿನ್ ಅಗ್ಗದ ಮಾತ್ರೆ, ರಿಪೋರ್ಟಿಗೆ ಕಾಯ್ಬೇಡಿ. ಸಣ್ಣ ನುಸಿ ಕಚ್ಚಿ ಬರೋ ಸ್ಕ್ರಬ್ ಟೈಫಸ್ ಜ್ವರದ ಕರೀ ಹೊಪ್ಪಳೆ ಕಂಕುಳು, ತೊಡೆಸಂದಿ, ಸ್ತನದ ಕೆಳಗೆ ಅಡಗಿರುತ್ತೆ, ನರ್ಸಮ್ಮನವರು ಪರದೆ ಎಳೆದು ನೋಡಿದ್ರೇ ಸಿಗೋದು. ಉಗುರಿನ ಕೆಳಗೆ ಸಿಬಿರು ಚುಚ್ಚಿದ ಥರ ಗೆರೆ, ಬೆರಳ ತುದಿಯಲ್ಲಿ ನೋವಿನ ಬೊಕ್ಕೆ ಇದ್ರೆ ಎದೆಗೆ ಸ್ಟೆತ್ ಇಡಿ, ಹೃದಯದ ಕವಾಟದ ಸೋಂಕು ಇರಬಹುದು, ಅದಕ್ಕೆ ವ್ಯಾಸ್ಕುಲೈಟಿಸ್ ಅಂತ ಸ್ಟೀರಾಯ್ಡ್ ಕೊಟ್ರೆ ನಾವೇ ಕೊಂದಂಗೆ. ಬೀಡಿ ಸೇದೋ ಹುಡುಗನ ಹೆಬ್ಬೆರಳು ಕಪ್ಪಾಗಿದ್ರೆ ಕೈಕಾಲಿನ ನಾಳ ಕಟ್ಕೊಳ್ಳೋ ಬರ್ಗರ್ ಕಾಯಿಲೆ ಇರಬಹುದು, ಅಲ್ಲಿ ಸ್ಟೀರಾಯ್ಡ್ ದಂಡ, ಬೀಡಿ ಬಿಡದೆ ಯಾವ ಔಷಧಿನೂ ಬೆರಳು ಉಳಿಸಲ್ಲ. ಆಮೇಲೆ ಹೊಸ ಮಾತ್ರೆ ಏನಾದ್ರೂ ಶುರುವಾಗಿತ್ತಾ ಕೇಳಿ, ವಾರ ಹತ್ತು ದಿನದ ಹಿಂದೆ. ಥೈರಾಯ್ಡ್‌ಗೆ ಕೊಡೋ ಪ್ರೊಪೈಲ್‌ಥಯೋಯುರಾಸಿಲ್‌ನಂಥ ಕೆಲವು ಮಾತ್ರೆ ತಿಂಗಳುಗಳಾದ್ಮೇಲೂ ವ್ಯಾಸ್ಕುಲೈಟಿಸ್ ಮಾಡುತ್ತೆ.

ನಂಜು ಅಂತಾರಲ್ಲ, ಬದನೆಕಾಯಿ ತಿಂದೆ, ನಂಜಾಯ್ತು ಅಂತ. ಬದನೆಕಾಯಿ ಬಿಡ್ಸೋಕೆ ನಾನು ಹೋಗಲ್ಲ, ತಿನ್ನಿ ಅಂತ ಒತ್ತಾಯನೂ ಮಾಡಲ್ಲ. ಆದ್ರೆ ನಂಜು ಅಂತ ಬಂದವರ ಕೈಗೆ ಒಂದು ಮೂತ್ರದ ಬಾಟ್ಲಿ ಕೊಡ್ತೀನಿ. ಕಿಡ್ನಿ ಕೆಡೋದು ನೋವಿಲ್ಲದೆ, ಚುಕ್ಕೆ ಹೋಯ್ತು ಅಂತ ಖುಷಿಯಾಗಿ ಮನೆಗೆ ಹೋಗಿರ್ತಾರೆ, ಒಳಗೆ ಪ್ರೋಟೀನ್ ಸೋರ್ತಾ ಇರುತ್ತೆ. ಆ ಲಂಗದ ಲಾಡಿ ಅಜ್ಜಿಗೆ ಮೊದಲ ಸಲ ಮೂತ್ರ ಸರಿಯಾಗೇ ಇತ್ತು, ಏಳನೇ ವಾರಕ್ಕೆ ರಕ್ತ ಮತ್ತೆ ಪ್ರೋಟೀನ್ ಬಂತು. ಅದಕ್ಕೇ ಕಮ್ಮಿ ಅಂದ್ರೂ ಆರು ತಿಂಗಳು ಮೂತ್ರ, ಬಿಪಿ ನೋಡ್ತಾ ಇರ್ಬೇಕು.

ಹಿಂದಿನ ಸಾಲಿಂದ ಒಬ್ರು ಕೇಳಿದ್ರು, ನಮ್ಮಲ್ಲಿ ಬಯಾಪ್ಸಿ ಇಲ್ಲ, ಆಂಕಾ ಇಲ್ಲ, ಚೀಟಿಯಲ್ಲಿ ಏನು ಬರೆದು ಕಳಿಸೋದು ಅಂತ. ಚುಕ್ಕೆ ಎಷ್ಟು ದಿನದ್ದು, ಒತ್ತಿದ್ರೆ ಹೋಗುತ್ತಾ, ಬೆರಳಿಗೆ ಸಿಗುತ್ತಾ ಬರೀರಿ. ಬಿಪಿ ಬರೀರಿ, ಮೂತ್ರದ ಡಿಪ್‌ಸ್ಟಿಕ್ ಬರೀರಿ. ಹಿಮ್ಮಡಿ ಮೇಲೆ ನಡೆಯೋಕೆ ಹೇಳಿ, ಪಾದ ಎತ್ತಕ್ಕಾಗುತ್ತಾ ಬರೀರಿ. ಬೆಟ್ನೆಸಾಲ್ (ಸ್ಟೀರಾಯ್ಡ್) ಕೊಟ್ಟಿದ್ರೆ ಮುಚ್ಚಿಡದೆ ಅದನ್ನೂ ಬರೀರಿ, ನಾವು ಬೈಯಲ್ಲ. ಫೋನಲ್ಲಿ ಫೋಟೋ ತೆಗೆದು ಕಳಿಸಿ, ಹಗಲು ಬೆಳಕಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು, ಒಂದು ಹತ್ತಿರದಿಂದ, ಒಂದು ದೂರದಿಂದ. ದೂರದ್ದು ಮರೀಬೇಡಿ. ಮೊನ್ನೆ ಒಬ್ರು ಹತ್ತಿರದ್ದೊಂದೇ ಕಳಿಸಿದ್ರು, ಅದನ್ನ ನಾನು ಮೊಣಕೈ ಅಂತ ಹತ್ತು ನಿಮಿಷ ವಿವರಿಸಿದೀನಿ, ಅದು ಮೊಣಕಾಲಂತೆ.